ಎಲ್ಲರೂ ಅಧ್ಯಕ್ಷರಾಗಿದ್ದ ಪಕ್ಷ

ಇದು ನನ್ನಿಂದ ಆಗದ ಕೆಲಸ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು ನಾನು. ಖಾನಾಪುರದ ಬಸ್ಸಿನಲ್ಲಿ ನಿಂತುಕೊಂಡೇ ಬೆಳಗಾವಿಗೆ ಹೋಗಿ ಬಿ.ಎ. ಮುಗಿಸಿದವಳು. ಎಂ.ಎ.ಗೆ ಮಾವನ ಪಕ್ಷದ ಇತಿಹಾಸವನ್ನೇ ಪ್ರಬಂಧಕ್ಕೆ ಆರಿಸಿಕೊಂಡೆ. ಅದು ಪಾಸಾಗದಿದ್ದರೆ ಪದವಿ ಇಲ್ಲ.

"ಪಕ್ಷ ಕಟ್ಟಿದ ನಮಗೇ ಅದು ಏನಂತ ತಿಳೀಲಿಲ್ಲ. ನಿನಗೇನ್ ತಿಳೀತೈತವಾ?" ಎಂದರು ಮಾವ.

ಉದಾರವಾದಿಗಳ ಸಣ್ಣ ಪಕ್ಷ ಅದು. ಯಾರ ಮೇಲೂ ಏನನ್ನೂ ಹೇರಬಾರದು ಎಂಬುದೊಂದೇ ನಿಯಮ. ಹಾಗಾಗಿ ಸಭೆಗೊಬ್ಬ ಅಧ್ಯಕ್ಷ. ಬೆಳಗಾವಿಯ ವಡಗಾವಿ, ಶಹಾಪುರ ಓಣಿಗಳಲ್ಲಿ ನಾನು ಯಾರ ಬಾಗಿಲು ಬಡಿದರೂ ಮಾಜಿ ಅಧ್ಯಕ್ಷರೇ ಹೊರಬಂದರು. ಕಾರ್ಯಕರ್ತ ಒಬ್ಬನೂ ಸಿಗಲಿಲ್ಲ. ಒಮ್ಮೆ ಚುನಾವಣೆಗೂ ನಿಂತಿದ್ದರಂತೆ. ನಮಗೇ ಮತ ಹಾಕಿ ಎಂದು ಸದಸ್ಯರನ್ನು ಕೇಳುವುದು ಅವರ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಯಾರೂ ಕೇಳಲಿಲ್ಲ. ಸದಸ್ಯರು ಆ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಂಡರು.

ಪಕ್ಷ ಹೇಗೆ ಮುಗಿಯಿತು ಎಂಬುದನ್ನು ಮಾತ್ರ ಯಾರೂ ಹೇಳಲೊಲ್ಲರು. "ಕೊನೀ ಇಲ್ಲದ ಇತಿಹಾಸ ನಡಿಯೂದಿಲ್ಲವಾ," ಎಂದು ಮಾರ್ಗದರ್ಶಕರು ಪ್ರಬಂಧ ಹಿಂದಿರುಗಿಸಿದರು. ಊರಿಗೆ ಬಂದು ಮಾವನನ್ನೇ ಹಿಡಿದೆ.

"ಮಾವಾ, ಕಡೀ ಸಭಾ ನಮ್ಮ ಮನ್ಯಾಗೇ ಆತಲ್ಲ. ಏನ್ ಠರಾವು ಮಾಡಿದ್ರಿ?"

"ಪಕ್ಷ ಇನ್ನೂ ಐತಿ."

"ಐತಿ ಅಂದ್ರ ನಾ ಪಾಸಾಗೂದಿಲ್ಲ."

ಮಾವ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಠರಾವು ಮೊದಲ ಕನ್ನಡದಾಗ ಓದಬೇಕೋ, ಮರಾಠ್ಯಾಗೋ ಅಂತ ಬಂತು. ಯಾವ ಭಾಷಾನೂ ಎರಡನೇದ್ ಆಗಬಾರದು ಅಂತ ಒಬ್ಬ ಕನ್ನಡದಾಗ, ಒಬ್ಬ ಮರಾಠ್ಯಾಗ ಕೂಡೇ ಓದಿದ್ರು. ಯಾರಿಗೂ ಏನೂ ತಿಳೀಲಿಲ್ಲ. ಎಲ್ಲಾರೂ ಚಪ್ಪಾಳಿ ಹೊಡದ್ವಿ. ಸರ್ವಾನುಮತ."

"ಏನಿತ್ತು ಅದರಾಗ?"

"ಪಕ್ಷ ವಿಸರ್ಜನ ಮಾಡೂಣು ಅಂತಿತ್ತು. ಕಾರ್ಯದರ್ಶಿಗೆ ಸಾಕಾಗಿತ್ತು, ಹಂಗ ಬರದಿಟ್ಟಿದ್ದ. ಬೆಳಗಾವಿಯವರಿಗೆ ತಿರುಗಿ ಹೋಗೂ ಬಸ್ಸಿನ್ಯಾಗ ಗೊತ್ತಾತು."

"ಮತ್ತೊಂದು ಸಭಾ ಕರದು ಠರಾವು ರದ್ದು ಮಾಡಬೇಕಿತ್ತಲ್ಲ?"

"ಯಾವ ಪಕ್ಷದ ಸಭಾ?" ಎಂದರು ಮಾವ. ನನ್ನ ನೋಟ್‌ಬುಕ್ಕಿನ ಕಡೆ ಕೈ ತೋರಿಸಿ, "ಬರಕೋ. ಆದ್ರ, ಮೊದಲ ಚಪ್ಪಾಳಿ ಹೊಡದಾಂವ ನಾನು ಅಂತ ಬರೀಬ್ಯಾಡ," ಎಂದರು.

ಅದನ್ನೂ ಬರೆದೆ. ಪ್ರಬಂಧ ಪಾಸಾಯಿತು.

ಪದವಿ ಪ್ರಮಾಣಪತ್ರ ತಂದು ಅವ್ವನ ಕೈಗಿಟ್ಟೆ. ಓದು ಬಾರದ ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪಕ್ಕದಲ್ಲಿ ಕೂತಿದ್ದ ಮಾವನಿಗೆ ಹೇಳಿದಳು:

"ನಿಮ್ಮ ಸಭಾಕ್ಕ ಚಾ ಕುದಿಸಿ ಕುದಿಸಿ ನನ್ನ ಬೋಗುಣಿ ತೂತು ಬಿತ್ತೋ ತಮ್ಮಾ. ಕಡೀಕ ಒಬ್ಬಾಕಿಯಾದ್ರೂ ಪಾಸಾದ್ಲು, ಬಿಡು."