ಭೈರವಿ ಆದ ಮೇಲೆ

ಹೋದ ವಾರ ನಮ್ಮ ಮನೆಗೆ ಒಂದು ಡಬ್ಬಿ ಬೇದಾಣಿ ಬಂತು. ಬೇದಾಣಿ ಎಂದರೆ ನೀವು ಒಣದ್ರಾಕ್ಷಿ ಅನ್ನುವುದೇ. ನಮ್ಮ ಅಥಣಿ, ಕಾಗವಾಡದ ಕಡೆ ಒಣದ್ರಾಕ್ಷಿ ಕೊಡಿ ಎಂದು ಕೇಳಿದರೆ ಅಂಗಡಿಯವನು ನಿಮ್ಮನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ಡಬ್ಬಿ ಕಳಿಸಿದವರು ನಮ್ಮ ವೈನಿ, ಅಂದರೆ ದೊಡ್ಡಪ್ಪನ ಮಗನ ಹೆಂಡತಿ. ಪ್ರತಿ ವರ್ಷ ಕಳಿಸುತ್ತಾರೆ. ಪ್ರತಿ ವರ್ಷ ನಾನು ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ಯುತ್ತೇನೆ. ಸಿಹಿ ವಾಸನೆಯ ಅಡಿಯಲ್ಲಿ ಬಣ್ಣ ಬರಲೆಂದು ಕೊಟ್ಟ ಗಂಧಕದ ಹೊಗೆಯ ವಾಸನೆ ತುಸು ಉಳಿದಿರುತ್ತದೆ. ಪ್ರತಿ ವರ್ಷವೂ ನನಗೆ ನಾಚಿಕೆಯಾಗುತ್ತದೆ. ಬೇದಾಣಿ ಮೂಸಿ ನಾಚಿಕೊಳ್ಳುವ ಗಂಡಸನ್ನು ನನ್ನ ಹೆಂಡತಿ ಬೇರೆಲ್ಲೂ ಕಂಡಿಲ್ಲವಂತೆ.

ಯಾಕೆ ನಾಚಿಕೆ ಎಂದು ಹೇಳಬೇಕಾದರೆ ನಿಮ್ಮನ್ನು ದೊಡ್ಡಪ್ಪನ ಶೆಡ್ಡಿಗೆ ಕರೆದುಕೊಂಡು ಹೋಗಬೇಕು. ತಗಡಿನ ಉದ್ದ ಚಪ್ಪರ, ನಾಲ್ಕೂ ಕಡೆ ಬಯಲು. ಒಳಗೆ ಕಬ್ಬಿಣದ ಕಂಬಗಳ ನಡುವೆ ಒಂದರ ಮೇಲೊಂದು ಹತ್ತು ಅಂತಸ್ತು ಜಾಳಿಗೆ. ದ್ರಾಕ್ಷಿ ಗೊನೆಗಳನ್ನು ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ಆ ಜಾಳಿಗೆಗಳ ಮೇಲೆ ಹರವಿದರೆ, ಗಾಳಿಗೆ ಹದಿನೈದು ದಿನದಲ್ಲಿ ಬೇದಾಣಿ. ಮೇ ತಿಂಗಳ ನಡುವಿಗೆ ಕೆಲಸವೆಲ್ಲ ಮುಗಿದು ಶೆಡ್ಡು ಖಾಲಿ. ಖಾಲಿ ಜಾಗ ಕಂಡರೆ ದೊಡ್ಡಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ತೊಂಬತ್ತರ ದಶಕದ ಆರಂಭದ ಆ ಬೇಸಿಗೆಗಳಲ್ಲಿ ಕೆಳಗಿನ ಜಾಳಿಗೆಗಳನ್ನೆಲ್ಲ ಬಿಚ್ಚಿಸಿ, ಜಮಖಾನೆ ಹಾಸಿಸಿ, ಒಂದು ದಿನದ ಹಾಡಿಕೆ ಇಡಿಸುತ್ತಿದ್ದ. ನಿಪ್ಪಾಣಿ, ಚಿಕ್ಕೋಡಿಗಳಿಂದ ಹಾಡುವವರು ಬರುತ್ತಿದ್ದರು. ಪಾಲಬಾವಿಯಿಂದ ಒಂದು ಭಜನೆಯ ಮೇಳ ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು. ಎರಡು ತಿಂಗಳು ದ್ರಾಕ್ಷಿ ರಸ ತೊಟ್ಟಿಕ್ಕಿದ ನೆಲವಾದ್ದರಿಂದ ಎಲ್ಲರಿಗಿಂತ ಮೊದಲು ಇರುವೆಗಳು ಬಂದು ಕೂತಿರುತ್ತಿದ್ದವು. ಆಲಾಪದ ನಡುವೆ ಗಾಯಕರು ಥಟ್ಟನೆ ಮೇಲಿನ ಷಡ್ಜಕ್ಕೆ ಹಾರಿದರೆ ಅದು ಪ್ರತಿಭೆಯೋ ಇರುವೆಯೋ ಎಂದು ತಿಳಿಯುತ್ತಿರಲಿಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹೀಗಾಗಿ ಬೇರೆ ಊರುಗಳಲ್ಲಿ ಚಿಕ್ಕೆ ಮೂಡಿದ ಮೇಲೆ ಶುರುವಾಗುವ ಹಾಡಿಕೆ ನಮ್ಮಲ್ಲಿ ಬೆಳಗಿನ ಎಂಟಕ್ಕೆ ಶುರುವಾಗಿ ಸಂಜೆ ಐದೂವರೆಗೆ ಮುಗಿಯಲೇಬೇಕು. ಮುಗಿದ ಕೂಡಲೇ ಎಲೆ. ಮಿರಜ ಕಡೆಯಿಂದ ಬರುತ್ತಿದ್ದ ಹಿರಿಯ ಗವಾಯಿಗಳನ್ನು ನಾವೆಲ್ಲ ಬುವಾ ಎನ್ನುತ್ತಿದ್ದೆವು. ರಾತ್ರಿಯ ರಾಗಗಳನ್ನು ಹಾಡುವಂತಿಲ್ಲವೆಂದು ಅವರಿಗೆ ಇದೊಂದು ಸಂಕಟ. “ಏನ್ ಧಣ್ಯಾರ, ನನ್ನ ಅರ್ಧಾ ರಾಗ ನಿಮ್ಮ ಊಟದಾಗ ಹೋದ್ವಲ್ರಿ” ಎಂದು ಪ್ರತಿ ವರ್ಷ ದೊಡ್ಡಪ್ಪನ ಮುಂದೆ ಗೊಣಗುತ್ತಿದ್ದರು. ಮಾವಿನ ಸೀಕರಣೆಯ ಬಟ್ಟಲು ಮುಂದೆ ಬಂದಾಗ ಸುಮ್ಮನಾಗುತ್ತಿದ್ದರು.

ಕೊನೆಯ ಹಾಡು ಬುವಾ ಅವರದೇ, ಅದೂ ಭೈರವಿಯೇ. ಇದು ನಿಮಗೂ ಗೊತ್ತಿರಬಹುದು. ನಮ್ಮ ಕಡೆ ಭೈರವಿ ಹಾಡಿದರೆಂದರೆ ಮುಗಿಯಿತು, ಆಮೇಲೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಈ ಪದ್ಧತಿ ನಮ್ಮ ಮನೆಯ ಅಡುಗೆಮನೆಯವರೆಗೂ ಹೊಕ್ಕಿತ್ತು. ಹಾಲು ಮುಗಿದರೆ “ಭೈರವಿ ಆತು.” ರಾಯಬಾಗದ ಬಸ್ಸು ಹೋಗಿಬಿಟ್ಟಿದ್ದರೆ “ಭೈರವಿ ಆತು.” ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಗೊತ್ತಿರಲಿಲ್ಲ ಎಂದು ಹೇಳಿದರೆ ನೀವು ನಂಬಬಾರದು.

ಆಗ ನನಗೆ ಇಪ್ಪತ್ತು. ಚಿಕ್ಕೋಡಿಯಲ್ಲಿ ಕಾಲೇಜು, ಸೂಟಿಯಲ್ಲಿ ದೊಡ್ಡಪ್ಪನ ಮನೆ. ಅಥಣಿಯಿಂದ ಬರುತ್ತಿದ್ದ ಪೇಟಿ ಮಾಸ್ತರರ ಹತ್ತಿರ ಎರಡು ಬೇಸಿಗೆ ಹಾರ್ಮೋನಿಯಂ ಕಲಿತಿದ್ದೆ. ನಾಲ್ಕು ರಾಗ ಬರುತ್ತಿದ್ದವು, ನಾನು ನಲವತ್ತು ಬರುತ್ತವೆ ಎನ್ನುವ ಹಾಗೆ ಕೂಡುತ್ತಿದ್ದೆ. ಜುಬ್ಬಾದ ತೋಳು ಮಡಿಸುವ ರೀತಿಯನ್ನಂತೂ ಬುವಾ ಅವರಿಂದಲೇ ಕದ್ದಿದ್ದೆ.

ವೈನಿಗೆ ಇಂಥ ಯಾವ ಸರಂಜಾಮೂ ಇರಲಿಲ್ಲ. ಅವರ ತವರು ನಿಪ್ಪಾಣಿ ಹತ್ತಿರದ ಅಕ್ಕೋಳ. ಅಪ್ಪ ಊರಿನ ಭಜನೆಯಲ್ಲಿ ಮುಂದಾಳು, ಮದುವೆಯಾಗುವವರೆಗೆ ಇವರೂ ಅಪ್ಪನ ಜೊತೆ ಕೂತು ಹಾಡಿದವರು. ಮದುವೆಯಾದ ಮೇಲೆ ಹಾಡಿದ್ದು ದ್ರಾಕ್ಷಿ ಅದ್ದುವ ತೊಟ್ಟಿಯ ಮುಂದೆ ಮಾತ್ರ. ಕೈ ಎಣ್ಣೆನೀರಿನಲ್ಲಿ, ಬಾಯಲ್ಲಿ ಪದ. ಅವರು ನಿಲ್ಲಿಸಿದರೆ ಬುಟ್ಟಿ ಹೊರುವ ಹೆಂಗಸರ ಕಾಲೂ ನಿಲ್ಲುತ್ತಿದ್ದವು. ಒಂದು ದಿನ ಮಾಸ್ತರರು ಚಹಾ ಕೈಯಲ್ಲಿ ಹಿಡಿದುಕೊಂಡು ಅದನ್ನು ಕೇಳಿದರು. ಚಹಾ ಆರಿತು. ಆ ವರ್ಷದ ಹಾಡಿಕೆಯಲ್ಲಿ ವೈನಿಗೂ ಒಂದು ಹಾಡು ಕೊಡಬೇಕೆಂದು ಅವರು ದೊಡ್ಡಪ್ಪನಿಗೆ ಗಂಟುಬಿದ್ದರು.

“ಮನಿ ಸೊಸಿ ಹಾಡಾಕ ಕುಂತ್ರ ಬಡಸೂರು ಯಾರ್ರಿ?” ಎಂದ ದೊಡ್ಡಪ್ಪ.

“ಹಾಡಿ ಎದ್ದ ಮ್ಯಾಲ ಬಡಸ್ತಾರ್ರಿ. ಒಂದ ಹಾಡ್ರಿ, ಒಂದ ಒಲಿ ಉರಿಯೂವಷ್ಟೂ ಹೊತ್ತಿಲ್ಲ.”

ದೊಡ್ಡಪ್ಪ ಕೆಟ್ಟವನಲ್ಲ, ಆದರೆ ಹೊಸದಕ್ಕೆಲ್ಲ ಹೆದರುವವನು. ಮೂರು ದಿನ ಯೋಚಿಸಿ ಒಪ್ಪಿದ. ವೈನಿಯದು ಐದು ಗಂಟೆಗೆ, ಬುವಾ ಅವರ ಭೈರವಿಗೆ ಮೊದಲು. ಅದಕ್ಕೂ ಮೊದಲು ಮನೆಯ ಹುಡುಗನೆಂದು ನನ್ನದೊಂದು.

ಹಾಡಿಕೆಯ ಹಿಂದಿನ ದಿನ ಮಾಸ್ತರರು ನನ್ನ ಭೀಮಪಲಾಸ ಕೇಳಿ ತಲೆದೂಗಿದರು. ನಾನು ಉಬ್ಬುವಷ್ಟರಲ್ಲಿ, “ನಿಂದು ಗಣಿತ ಇದ್ದಂಗ ಐತಿ ನೋಡಪಾ, ತಪ್ಪಿಲ್ಲ. ನಿಮ್ಮ ವೈನಿ ತಪ್ಪ ಹಾಡಿದ್ರೂ ಮತ್ತ ಕೇಳಬೇಕ ಅನಸ್ತೈತಿ” ಎಂದರು. ನಾನು ನಕ್ಕೆ. ನಗು ಎಷ್ಟು ಹೊತ್ತು ಮುಖದ ಮೇಲಿತ್ತು, ಅದರ ಹಿಂದೆ ಏನಿತ್ತು ಎಂದು ಆಮೇಲೆ ಬಹಳ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ.

ಆ ದಿನ ವೈನಿ ಕತ್ತಲಿರುವಾಗಲೇ ಎದ್ದು ಅಡುಗೆಯನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿದ್ದರು. ಮೂರೂವರೆಗೆ ನೇರಳೆ ಬಣ್ಣದ ಸೀರೆ ಉಟ್ಟು ಹೆಂಗಸರ ಸಾಲಿನ ಕಂಬಕ್ಕೆ ಒರಗಿ ಕೂತರು. ಕೈಯಲ್ಲೊಂದು ಮಡಿಸಿದ ಚೀಟಿ. ಹಾಡು ಬಾಯಿಪಾಠವಿದ್ದರೂ ಚೀಟಿ ಬಿಟ್ಟಿರಲಿಲ್ಲ. ಗಂಡಸರ ಮೂರನೆಯ ಸಾಲಿನಲ್ಲಿ ಅಕ್ಕೋಳದಿಂದ ಎರಡು ಬಸ್ಸು ಬದಲಿಸಿ ಬಂದ ಅವರಪ್ಪ, ತಲೆಗೆ ಹೊಸ ಟೋಪಿ. ಮಗಳ ಹಾಡು ಕೇಳಿ ಏಳು ವರ್ಷವಾಗಿತ್ತು ಅವರಿಗೆ.

ನಾನು ಪೇಟಿಯ ಮುಂದೆ ಕೂತೆ. ಸಾ ಹಿಡಿದೆ. ಮುಂದೆ ಭೀಮಪಲಾಸ ಬರಬೇಕಿತ್ತು. ಕಣ್ಣೆತ್ತಿದಾಗ ವೈನಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಗುನುಗುತ್ತಿದ್ದರು. ಆಗ ನನ್ನ ಬೆರಳು ಹೋಗಿ ಕೋಮಲ ರಿಷಭದ ಮೇಲೆ ಕೂತಿತು. ಅದರ ಹಿಂದೆಯೇ ಬಾಯಿ ಹೋಯಿತು. ಅದು ಭೈರವಿ.

ಹೆದರಿಕೆಯಿಂದ ಹಾಗಾಯಿತು ಎಂದುಕೊಳ್ಳುತ್ತೇನೆ. ಹೆದರಿದ ಬೆರಳು ಚೆನ್ನಾಗಿ ರೂಢಿಯಾದ ಸ್ವರದ ಮನೆಯ ಮೇಲೇ ಬೀಳುತ್ತದೆ, ನನಗೆ ಹೆಚ್ಚು ರೂಢಿಯಾಗಿದ್ದದ್ದು ಭೈರವಿಯೇ, ನಿಜ. ಮುಂದೆ ಕೂತಿದ್ದ ಭೋಜ ಊರಿನ ಹಿರಿಯರೊಬ್ಬರು “ತಮ್ಮಾ, ಭೈರವಿ ಹಾಡು” ಎಂದರೆಂದು ನಾನು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈಗ ಅವರು ಅಂದರೋ, ನಾನೇ ಅವರ ಬಾಯಲ್ಲಿ ಇಟ್ಟೆನೋ ಖಾತ್ರಿಯಿಲ್ಲ. ಇಷ್ಟೇ ಆಗಿದ್ದರೆ ಎರಡು ಸ್ವರಕ್ಕೆ ನಿಲ್ಲಿಸಿ “ತಪ್ಪಾತ್ರಿ” ಎನ್ನಬಹುದಿತ್ತಲ್ಲ? ನಿಲ್ಲಿಸಲಿಲ್ಲ. ಯಾಕೆಂದರೆ ನಾನು ಚೆನ್ನಾಗಿ ಹಾಡುತ್ತಿದ್ದೆ. ಜೀವನದಲ್ಲಿ ಒಮ್ಮೆ ಮಾತ್ರ ನಾನು ಹಾಗೆ ಹಾಡಿದ್ದು. ತಬಲಾದವನು ತಲೆ ಎತ್ತಿ ನೋಡಿದ. ಮಾತಾಡುತ್ತಿದ್ದವರು ಪೇಟಿಯ ಕಡೆ ತಿರುಗಿದರು. ಇರುವೆ ಕೂಡ ಕಚ್ಚಲಿಲ್ಲ.

ಹಾಡು ಮುಗಿಸಿ ಪೇಟಿಯಿಂದ ಕೈ ತೆಗೆದೆ. ಆಮೇಲೆ ಬುವಾ ಕಣ್ಣೊರೆಸಿಕೊಂಡು “ಝಾಲಂ!” ಎಂದರು, ಆಯಿತು ಎಂದು. ತಂಬೂರಿಗೆ ಗವಸು ಹಾಕತೊಡಗಿದರು. ಜನ ಕೈಮುಗಿದು, ಮೊಣಕಾಲು ಹಿಡಿದುಕೊಂಡು ಏಳತೊಡಗಿದರು. ಭೈರವಿ ಆಯಿತಲ್ಲ, ಇನ್ನೇನು?

ಮಾಸ್ತರರು ಗಾಬರಿಯಿಂದ ಎದ್ದು “ಇನ್ನೂ ಒಂದ ಹಾಡೈತ್ರಿ, ಕುಂಡ್ರರಿ ಕುಂಡ್ರರಿ” ಎಂದರು.

“ಮಾಸ್ತರ, ಭೈರವಿ ಆದ ಮ್ಯಾಲ ನಾನ ಹಾಡೂದಿಲ್ಲ, ಮತ್ತ್ಯಾರಿಗೆ ಕುಂಡ್ರಸ್ತೀರಿ?” ಎಂದರು ಬುವಾ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ದೊಡ್ಡಪ್ಪ ಶೆಡ್ಡಿನ ಅಂಚಿಗೆ ಬಂದು ಸೂರ್ಯನನ್ನು ನೋಡಿದ, ಮಾಸ್ತರರನ್ನು ನೋಡಿದ, ಸೊಸೆಯ ಕಡೆ ನೋಡಲು ಹೊರಟು ಮತ್ತೆ ಸೂರ್ಯನನ್ನೇ ನೋಡಿದ. ಅಷ್ಟರಲ್ಲಿ ವೈನಿಯೇ ಎದ್ದರು. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು, “ಎಲಿ ಹಾಕ್ತೀನ್ರಿ ಮಾವಾರ” ಎಂದು ಒಳಗೆ ಹೋದರು. ಮೂರನೆಯ ಸಾಲಿನಲ್ಲಿ ಅವರಪ್ಪ ಮಾತ್ರ ಇನ್ನೂ ಕೂತೇ ಇದ್ದರು. ಎಲ್ಲರೂ ಯಾಕೆ ಏಳುತ್ತಿದ್ದಾರೆಂದು ಅವರಿಗೆ ತಿಳಿಯದೆ ಇರಲಿಕ್ಕಿಲ್ಲ, ಅವರೂ ಭಜನೆಯ ಮನುಷ್ಯ. ಆದರೂ ಕೂತಿದ್ದರು.

ಪಂಕ್ತಿಯಲ್ಲಿ ನನ್ನ ಎಲೆಯ ಮುಂದೆ ಬಂದಾಗ ವೈನಿ ಸೀಕರಣೆ ಬಡಿಸಿ, ಕೇಳದೆಯೇ ಇನ್ನೊಂದು ಸೌಟು ಹಾಕಿದರು. “ಚಲೋ ಹಾಡಿದಿ” ಎಂದರು. ಮುಂದಿನ ಎಲೆಗೆ ಹೋದರು. ಆ ಎರಡು ಶಬ್ದ, ಆ ಎರಡನೆಯ ಸೌಟು ಇವತ್ತಿಗೂ ನನಗೆ ಬಗೆಹರಿದಿಲ್ಲ. ಸಿಟ್ಟಿದ್ದರೆ ಸೀಕರಣೆ ಯಾಕೆ? ಸಿಟ್ಟಿಲ್ಲದಿದ್ದರೆ ಮುಖ ನೋಡಲಿಲ್ಲ ಯಾಕೆ? ಬಿಟ್ಟರೆ ಅವರಿಗೆ ಬೇಜಾರಾದೀತೆಂದು ಎಲೆ ನೆಕ್ಕಿದೆ.

ಮರುವರ್ಷ ಮೇ ಮೊದಲ ವಾರದಲ್ಲೇ ಮಳೆ ಹೊಡೆದು ಜಾಳಿಗೆಯ ಮೇಲಿನ ಬೇದಾಣಿ ಕಪ್ಪಾಯಿತು, ಹಾಡಿಕೆ ನಡೆಯಲಿಲ್ಲ. ಅದರ ಮುಂದಿನ ವರ್ಷ ಬುವಾ ಅವರಿಗೆ ಬರಲಾಗಲಿಲ್ಲ. ಆಮೇಲೆ ಅದು ಅಥಣಿಯ ಒಂದು ಸಭಾಗೃಹಕ್ಕೆ ಹೋಯಿತು, ಪಂಖ ಬಂದವು, ಇರುವೆ ಹೋದವು, ನಮ್ಮ ಸಂಬಂಧವೂ ತಪ್ಪಿತು. ವೈನಿಯ ಅಪ್ಪ ಆ ಮಳೆಯ ವರ್ಷವೇ ತೀರಿಕೊಂಡರು. ನಾನು ನೌಕರಿ ಹಿಡಿದೆ. ಪೇಟಿ ಅಟ್ಟ ಸೇರಿತು. ಯಾರಾದರೂ ಹಾಡು ಎಂದರೆ “ಒಂದ್ಸಲ ಹಾಡಿದ್ನಿ, ಸಾಕ” ಎನ್ನುತ್ತಿದ್ದೆ. ಕೇಳಿದವರು ವಿನಯವೆಂದು ತಿಳಿದರು.

ಈ ಸಲ ಡಬ್ಬಿ ಬಂದಾಗ ನಾನು ಮೂಸಿ ಮುಚ್ಚಿಡಲಿಲ್ಲ. ಫೋನು ಮಾಡಿದೆ. ಯಾಕೆ ಇದೇ ವರ್ಷ ಧೈರ್ಯ ಬಂತೋ ಅದೂ ತಿಳಿಯದು. ಭಾನುವಾರದ ಬೆಳಗು, ಆಚೆ ಕಡೆ ಮೊಮ್ಮಕ್ಕಳ ಗದ್ದಲ, ಕುಕ್ಕರಿನ ಸೀಟಿ.

“ವೈನಿ, ಆ ವರ್ಷ ಶೆಡ್ಡಿನ್ಯಾಗ ನೀವು ಏನ್ ಹಾಡೂರಿದ್ರಿ?”

“ನಮ್ಮಪ್ಪ ಕಲಿಸಿದ್ದು. ಯಾಕಪಾ, ಇಷ್ಟ ವರ್ಷದ ಮ್ಯಾಲ?”

“ನಾ ಬೇಕಂತ ಮಾಡಿದ್ನಿ ಅಂತ ಅನಸ್ತೇನ್ರಿ ನಿಮಗ?”

“ನನಗೇನ್ ಗೊತ್ತೋ ತಮ್ಮಾ? ನೀ ಹಾಡಿ ಬಿಟ್ಟಾಗ ಖರೇ ಹೇಳ್ತೀನಿ, ಜೀವಕ್ಕ ಹಗುರ ಆತು. ಅಷ್ಟ ಮಂದಿ ಮುಂದ ಹಾಡಾಕ ಹೆದರಿಕಿ ಇತ್ತು ನನಗ. ಒಳಗ ಹೋಗಿ ಸೀಕರಣಿ ಬೋಗಾಣಿಗೆ ಕೈ ಹಚ್ಚಿದಾಗ ಸಿಟ್ಟು ಬಂತು ನೋಡು. ನಿನ್ನ ಮ್ಯಾಲೋ, ನನ್ನ ಮ್ಯಾಲೋ. ಅಪ್ಪನ ಟೋಪಿ ನೋಡಿದಾಗ ಅಳೂ ಬಂತು. ನನಗೂ ತಿಳೀಲಿಲ್ಲ ಅದು.”

ಮೂವತ್ತು ವರ್ಷ ನಾನೊಬ್ಬನೇ ತಿಳಿಯದೆ ಕೂತಿದ್ದೇನೆ ಎಂದುಕೊಂಡಿದ್ದೆ. “ಈಗ ಹಾಡ್ರಿ ವೈನಿ, ನಾ ಕೇಳ್ತೀನಿ” ಎಂದೆ.

ಅವರು ನಕ್ಕರು. “ಭೈರವಿ ಆದ ಮ್ಯಾಲ ಯಾರರ ಹಾಡ್ತಾರೇನೋ?”

ಅದು ಚೇಷ್ಟೆಯ ಮಾತು, ಆದರೆ ಅದರೊಳಗೆ ಚೇಷ್ಟೆಯಲ್ಲದ್ದೂ ಇತ್ತು. ಆ ಸಂಜೆಯಿಂದ ಅವರು ತೊಟ್ಟಿಯ ಮುಂದೆಯೂ ಹಾಡಲಿಲ್ಲವೆಂದು ಅವರ ಗಂಡ, ನಮ್ಮ ಅಣ್ಣ, ಎಂದೋ ಹೇಳಿದ್ದ. ಆ ಹಾಡಿಕೆ ಅವರ ಮಟ್ಟಿಗೆ ಮುಗಿದೇ ಹೋಗಿತ್ತು, ಮುಗಿಸಿದವನು ನಾನು. ನನ್ನ ಹತ್ತಿರ ಒಂದೇ ಒಂದು ಒಳ್ಳೆಯ ಹಾಡಿತ್ತು ಎಂದು ಹೇಳಿದೆನಲ್ಲ, ಬಿಟ್ಟುಕೊಡುವ ಮೊದಲು ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದೆ.

“ಅದು ಭೈರವಿ ಆಗಿರಲಿಲ್ಲ ವೈನಿ. ಎರಡು ಸ್ವರಾ ತಪ್ಪಿದ್ವು. ಬುವಾ ನನ್ನ ಮಾನಾ ಉಳಸಾಕ ಸುಮ್ಮನಿದ್ರು. ಮಾಸ್ತರ್‍ರಿಗೂ ಗೊತ್ತಿತ್ತು. ಆ ಹಾಡು ಲೆಕ್ಕಕ್ಕ ಇಲ್ಲ.”

“ಖರೇನೇನೋ?”

“ಖರೇನರಿ.”

ಆ ದಿನ ನಾನು ಮಾಡಿದ್ದು ಬೇಕೆಂದೋ ಅರಿವಿಲ್ಲದೆಯೋ ನನಗೆ ಸಾಯುವವರೆಗೂ ತಿಳಿಯಲಿಕ್ಕಿಲ್ಲ. ಈ ಸುಳ್ಳನ್ನು ಮಾತ್ರ ಬೇಕೆಂದೇ ಹೇಳಿದೆ.

“ಹಂಗಾರ ತಡಿ, ಒಲಿ ಆರಿಸಿ ಬರ್ತೀನಿ” ಎಂದರು ವೈನಿ. ಮೊಮ್ಮಕ್ಕಳನ್ನು ಗದರಿಸಿ ಹೊರಗೆ ಕಳಿಸಿದ್ದು ಕೇಳಿಸಿತು. ಬಾಗಿಲು ಹಾಕಿದ ಸದ್ದು. ನಾನು ಬೇದಾಣಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೂರನೆಯ ಸಾಲಿನಲ್ಲಿ ಕೂತವರ ಹಾಗೆ ಕೂತೆ. ಆಚೆ ಕಡೆ ವೈನಿ ಗಂಟಲು ಸರಿಮಾಡಿಕೊಂಡರು.