ತಿರುಪ್ಪಿ ಹಾಕಿದ ಬೆಲ್ಟು

ನಿನ್ನೆ ನಮ್ಮ ಮನೆಯ ಕಂಪ್ಯೂಟರಿಗೆ ಒಳಗಿನ ದೊಡ್ಡ ಬೋರ್ಡನ್ನೇ ಬದಲಾಯಿಸಿದರು. ಗುಂಡಿ ಒತ್ತಿದರೆ ಫ್ಯಾನು ಗುಂಯ್ ಅನ್ನುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ರಿಪೇರಿಯ ಹುಡುಗಿಗೆ ಫೋನ್ ಮಾಡಿದರೆ, ತಮಿಳಿನಲ್ಲಿ "ಮೆಮರಿ ಕಾರ್ಡೈ ಕಳಟ್ಟಿ, ತಿರುಪ್ಪಿ ಪೋಟ್ಟು ಪಾರುಂಗ ಟೀಚರ್" ಅಂದಳು. ತಿರುಪ್ಪಿ ಅಂದರೆ ತೆಗೆದ ಕಾರ್ಡನ್ನು ಹಾಗೇ ಇನ್ನೊಂದು ಸಲ ಹಾಕಬೇಕೋ, ಹಿಂದುಮುಂದಾಗಿ ತಿರುಗಿಸಿ ಹಾಕಬೇಕೋ ಅಂತ ಕೇಳಿದೆ. ಹುಡುಗಿ ಕಿಸಕ್ಕನೆ ನಕ್ಕಳು. ನಗಲಿ ಬಿಡಿ. ಈ ಒಂದು ಮಾತಿಗೆ ನಮ್ಮ ಅತ್ತೆ ಗಂಟುಮೂಟೆ ಕಟ್ಟಿ ಊರು ಬಿಡುವುದರಲ್ಲಿದ್ದಳು ಅಂತ ಅವಳಿಗೇನು ಗೊತ್ತು? ನಿಮಗೂ ಗೊತ್ತಿಲ್ಲವಲ್ಲ, ಕೇಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಧರ್ಮಪುರಿ ಕಡೆಯ ಅದಿಯಮಾನ್‌ಕೋಟೆಯ ಹತ್ತಿರದ ಹಳ್ಳಿಯ ಶಾಲೆಗೆ ನಾನು ಟೀಚರಾಗಿ ಬಂದಿದ್ದೆ. ಅಪ್ಪನ ತಂಗಿ ನಂಜಮ್ಮತ್ತೆಯ ಮನೆಯಲ್ಲೇ ಊಟ, ವಾಸ. ಮನೆಯೊಳಗೆ ನಮ್ಮದು ಕನ್ನಡ, ಹೊರಗೆಲ್ಲ ತಮಿಳು. ಸೇಲಂ ಪಟ್ಟಣದವಳೆಂಬ ಜಂಬ ನನಗೆ. ಅತ್ತೆಯ ಹಳ್ಳಿಗನ್ನಡದ 'ಐತೆ', 'ಓಗು' ಕೇಳಿ ಮೊದಮೊದಲು ಮೂಗು ಮುರಿದೆ. ಸ್ವಲ್ಪ ದಿನಕ್ಕೆ ಅದೇ ನನ್ನ ಬಾಯಿಗೂ ಬಂದು, ಸೇಲಂಗೆ ಹೋದಾಗ ಅಮ್ಮನ ಕೈಲಿ ಬೈಸಿಕೊಂಡೆ. ಮಾವ ತೀರಿಕೊಂಡ ಮೇಲೆ ಅವರ ಹಿಟ್ಟಿನ ಮಿಲ್ಲನ್ನು ಅತ್ತೆಯೇ ನಡೆಸುತ್ತಿದ್ದಳು. ಊರಿನ ಗಂಡಸರು ಕುರಿ ಹೊಡೆದುಕೊಂಡು ಹೋದರೆ ಹೆಂಗಸರು ರಾಗಿ ಹೊತ್ತು ಅಲ್ಲಿಗೆ ಬರುತ್ತಿದ್ದರು. ರಾಗಿ ಬೀಸಿ ಮುಗಿದ ಮೇಲೂ ಎದ್ದು ಹೋಗುತ್ತಿರಲಿಲ್ಲ. ಅವರ ಮಾತಿಲ್ಲದೆ ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ.

ಊರಿಗೆ ಕರೆಂಟು ಬಂತು. ಅತ್ತೆ ಹಳೆಯ ಆಯಿಲ್ ಎಂಜಿನ್ ಮಾರಿ ಆ ಜಾಗಕ್ಕೆ ಮೋಟಾರು ಕೂರಿಸಿದಳು. ಮೋಟಾರಿನ ಗಾಲಿಯಿಂದ ಬೀಸುವ ಕಲ್ಲಿನ ಗಾಲಿಗೆ ಮೊದಲಿನದೇ ಉದ್ದನೆಯ ಪಟ್ಟೆ ಬೆಲ್ಟು. ಕೂರಿಸಿದ ಫಿಟ್ಟರು ಸ್ವಿಚ್ಚು ಹಾಕಿ, ಎಲ್ಲ ತಿರುಗಿದ್ದನ್ನು ನೋಡಿ ಹೊರಟುಹೋದ. ಆಮೇಲೆ ಅತ್ತೆ ರಾಗಿ ಸುರಿದಳು ನೋಡಿ, ಅಯ್ಯೋ, ಸುರಿದ ರಾಗಿ ಸುರಿದ ಹಾಗೇ ಕೆಳಗೆ ಬಂತು, ಅಲ್ಲೊಂದು ಇಲ್ಲೊಂದು ಒಡೆದು!

ನನಗೋ ಬಲು ಕುತೂಹಲ. ಮೋಟಾರು ಸದ್ದು ಮಾಡುತ್ತಿದೆ, ಕಲ್ಲು ತಿರುಗುತ್ತಿದೆ, ಹಿಟ್ಟು ಯಾಕಿಲ್ಲ? ಕಲ್ಲು ಬಿಗಿ ಮಾಡಿದೆವು, ಸಡಿಲ ಮಾಡಿದೆವು. ರಾಗಿ ಹಸಿಯಿರಬೇಕು ಅಂತ ಬಿಸಿಲಿಗೆ ಹಾಕಿದೆವು. ಹೊಸದಕ್ಕೆ ದೃಷ್ಟಿಯಾಗಿದೆ ಅಂತ ಪಕ್ಕದ ಮನೆಯವಳು ನಿಂಬೆಹಣ್ಣು ನಿವಾಳಿಸಿದಳು. ಹಳ್ಳಿಯ ಕರೆಂಟಿಗೆ ಶಕ್ತಿ ಸಾಲದು ಅಂತ ನಾನು ದೊಡ್ಡ ವಿಜ್ಞಾನಿಯ ಹಾಗೆ ಪಾಠ ಮಾಡಿದೆ. ರಾಗಿ ಯಾರ ಮಾತನ್ನೂ ಕೇಳಲಿಲ್ಲ.

ಅತ್ತೆ ಧರ್ಮಪುರಿಗೆ ಓಡಿದಳು. ಫಿಟ್ಟರು ದೂರದ ಊರಿನ ಕೆಲಸಕ್ಕೆ ಬಸ್ಸು ಹತ್ತಿ ಕೂತಿದ್ದ. ಕಿಟಕಿಯಿಂದಲೇ ಎಲ್ಲ ಕೇಳಿ, "ವೈರ್‌ಲ ಕೈ ವೈಕ್ಕಾದೀಂಗ. ಬೆಲ್ಟೈ ತಿರುಪ್ಪಿ ಪೋಡುಂಗಮ್ಮಾ!" ಅಂದನಂತೆ, ವೈರಿಗೆ ಕೈ ಹಚ್ಚದೆ ಬೆಲ್ಟನ್ನೇ ತಿರುಪ್ಪಿ ಹಾಕಿ ಅಂತ. ಬಸ್ಸು ಹೊರಟಿತು.

"ಬೆಲ್ಟು ತಿರುಪ್ಪಿ ಆಕ್ಬೇಕಂತೆ ಕಣೇ" ಅಂತ ಅತ್ತೆ ಬಂದಳು. ಸರಿ, ತಿರುಗಾ ಹಾಕು ಅಂತ ತಿಳಿದು, ಬಿಚ್ಚಿ ಇನ್ನೊಂದು ಸಲ ಹಾಕಿದೆವು. ಅದೇ ಕಥೆ. ನಾವು ಹಾಕಿದ್ದು ನೆಟ್ಟಗಿಲ್ಲವೇನೋ ಅಂತ ಮತ್ತೂ ಬಿಚ್ಚಿ ಹಾಕಿದೆವು. ರಾಗಿ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಕಾರಿಮಂಗಲಂ ರಸ್ತೆಯ ಇನ್ನೊಂದು ಮಿಲ್ಲಿನ ಕಡೆಗೆ ಹೋಗತೊಡಗಿದರು. ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಹೊಸ ಮೋಟಾರು ನೋಡಲು ಸೇಲಂನಿಂದ ಅಪ್ಪ ಬಂದ. ನೋಡಿದ್ದು ಖಾಲಿ ಮಿಲ್ಲು. "ಒಬ್ಬಳೇ ಎಷ್ಟು ದಿನ ಅಂತ ಒದ್ದಾಡ್ತೀಯ? ಬೀಗ ಹಾಕು. ನಮ್ಮ ಜೊತೆ ಇದ್ದುಬಿಡು" ಅಂದ. ಪ್ರೀತಿಯಿಂದಲೇ ಅಂದದ್ದು. ಅಪ್ಪ ಹಾಗೆ ಹಿಂದೆಯೂ ಕರೆದಿದ್ದ, ಅತ್ತೆ ನಕ್ಕು ಹಾರಿಸಿದ್ದಳು. ಈ ಸಲ ನಗಲಿಲ್ಲ. "ಆಗ್ಲಿ ಬುಡಣ್ಣ. ಬೆಳಿಗ್ಗೆ ಬಸ್ಸಿಗೇ ಬತ್ತೀನಿ" ಅಂದಳು. ಸೀರೆಗಳನ್ನು ಗಂಟು ಕಟ್ಟಿಟ್ಟಳು. ಸೇಲಂ ಮನೆಯ ಮೂಲೆಯಲ್ಲಿ ಸುಮ್ಮನೆ ಕೂತ ಅತ್ತೆಯನ್ನು ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಅಪ್ಪನಿಗೆ ಅಂತ ದೋಸೆ. ನಾನು ಕಾವಲಿಯ ಮುಂದೆ ಮಂಕಾಗಿ ಕೂತಿದ್ದೆ. ಅತ್ತೆ ಚಟ್ನಿ ತಿರುವುತ್ತಾ ಗದರಿದಳು:

"ಲೇ, ಸೀಯ್ತಾ ಐತೆ! ತಿರುಪ್ಪಿ ಆಕ್ಲೇ ಅದ್ನ!"

ನಾನು ದೋಸೆ ಮಗುಚಿ ಹಾಕಿದೆ. ಅತ್ತೆಯ ಕೈ ಒರಳಲ್ಲೇ ನಿಂತಿತು.

"ಈಗ ನೀನು ಏನ್ ಮಾಡ್ದೆ?"

"ತಿರುಪ್ಪಿ ಹಾಕಿದೆ."

"ಎತ್ತಿ ತಿರುಗಾ ಅಂಗೇ ಮಡಗ್ಲಿಲ್ವಲ್ಲ?"

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಟ್ನಿ ಕೈಯಲ್ಲೇ ಅತ್ತೆ ಮಿಲ್ಲಿಗೆ ಓಡಿದಳು, ಹಿಂದೆ ನಾನು, ನನ್ನ ಹಿಂದೆ "ಏನಾಯ್ತಮ್ಮಾ?" ಅನ್ನುತ್ತಾ ಅಪ್ಪ. ಬೆಲ್ಟಿನ ಒಂದು ಕೊನೆಯನ್ನು ದೋಸೆಯ ಹಾಗೆ ಮಗುಚಿ, ನಡುವೆ ಒಮ್ಮೆ ತಿರುಚಿ, ಎಂಟರ ಇಂಗ್ಲಿಷ್ ಅಂಕಿಯ ಹಾಗೆ ಮಾಡಿ ಹಾಕಿದೆವು. ಸ್ವಲ್ಪ ಎಟುಕಲಿಲ್ಲ, ಅಪ್ಪ ಪಂಚೆ ಎತ್ತಿ ಕಟ್ಟಿ ಮೋಟಾರನ್ನು ಒಂದು ಬೆರಳಿನಷ್ಟು ಕಲ್ಲಿನ ಕಡೆಗೆ ತಳ್ಳಿದ. ಸ್ವಿಚ್ಚು ಹಾಕಿದೆವು. ಕಲ್ಲು ಈಗ ಎದುರು ದಿಕ್ಕಿಗೆ ತಿರುಗಿತು. ಹಳೆಯ ಎಂಜಿನ್ ತಿರುಗಿಸುತ್ತಿದ್ದದ್ದು ಆ ದಿಕ್ಕಿಗೇ. ಕಲ್ಲಿನ ಮೇಲಿನ ಗೀರುಗಳನ್ನು ಕೊರೆದದ್ದೂ ಆ ದಿಕ್ಕಿಗೇ. ಮೋಟಾರು ಇಷ್ಟು ದಿನ ಕಲ್ಲನ್ನು ಉಲ್ಟಾ ಓಡಿಸುತ್ತಿತ್ತು. ಓಡುವ ಗಾಲಿ ಯಾವ ಕಡೆಗೆ ಓಡುತ್ತಿದೆ ಅಂತ ನೋಡಲು ಒಬ್ಬರಿಗೂ ಹೊಳೆದಿರಲಿಲ್ಲ.

ಹಿಟ್ಟು ಬಂತು ಕಣ್ರೀ. ಬೆಚ್ಚನೆಯ, ನುಣ್ಣನೆಯ ರಾಗಿ ಹಿಟ್ಟು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೇಬಿಟ್ಟಳು. ಗಂಟು ಬಿಚ್ಚಿದ್ದು ನಾನೇ.

ಅಪ್ಪ ಒಬ್ಬನೇ ಬಸ್ಸಿಗೆ ಹೊರಟ. ಅತ್ತೆ ಬಾಗಿಲಿಂದ ಕೂಗಿದಳು: "ತಿರುಗಾ ಬಾರಣ್ಣ! ಕರ್ಕೊಂಡ್ ಓಗಾಕಲ್ಲ, ಸುಮ್ಕೆ ಬಾ!" ಅಪ್ಪ ತಿರುಗಿಯೂ ನೋಡದೆ ತಲೆಯಾಡಿಸಿ ನಡೆದ. ಬೇಜಾರಾಗಿರಬೇಕು ಅಂದುಕೊಂಡೆ.

ಮುಂದಿನ ತಿಂಗಳು ಬಂದ. ಹೆಗಲ ಮೇಲೆ ಒಂದು ಚೀಲ ರಾಗಿ. ಸೇಲಂನಿಂದ ಬಸ್ಸಿನಲ್ಲಿ ಹೊತ್ತು ತಂದದ್ದು.

"ಸೇಲಂನಾಗೆ ಮಿಲ್ಲೇ ಇಲ್ವೇನಣ್ಣ?" ಅಂದಳು ಅತ್ತೆ.

"ಬೇಕಾದಷ್ಟಿವೆ. ಯಾವುದೂ ನನ್ನ ತಂಗಿಯದಲ್ಲ" ಅಂದ ಅಪ್ಪ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕಾದು ನಿಂತಿದ್ದ ಹೆಂಗಸರ ಕಡೆಗೆ ಕೈ ತೋರಿಸಿದಳು. "ಅಂಗಾದ್ರೆ ಓಗಿ ಸಾಲ್ನಾಗೆ ನಿಂತ್ಕೊ."