ಮುಟ್ಟದೆ ಬಂದ ಹೋಳಿಗೆ

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ಬಿಡಿಸಿದರು. ಕೂಡ್ಲಿಗಿ ಕಡೆಯ ಆ ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೇ. ನೆನಪಿರುವುದು ಒಂದೇ ಗೋಣಿತಾಟಿನ ಮೇಲೆ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ. ಅವಳು ಎಡಚಿ. ಮೇಷ್ಟ್ರು ಆ ಕೈಗೇ ಹೊಡೆಯುತ್ತಿದ್ದರು. ಅಳುತ್ತಾ ಮತ್ತೆ ಎಡಗೈಯಲ್ಲೇ ಬರೆಯುತ್ತಿದ್ದಳು. ಅವಳ ಮೊಣಕೈ ತಾಗಿ ನನ್ನ ಅಕ್ಷರವೂ ಕೆಡುತ್ತಿತ್ತು.

ಅವಳನ್ನು ಹಡಗಲಿ ಕಡೆ ಕೊಟ್ಟರು, ನನ್ನನ್ನು ಕೊಟ್ಟೂರಿಗೆ. ಅಲ್ಲಿಗೆ ಮುಗಿಯಿತು. ಆ ಕಡೆಯವರು ಸಿಕ್ಕರೆ ಅವಳ ಹೆಸರು ಹೇಳಿ ಕೇಳುತ್ತಿದ್ದೆ. ಅಂಥವಳು ಯಾರೂ ಇಲ್ಲ ಎನ್ನುತ್ತಿದ್ದರು. ಸತ್ತಿರಬೇಕು ಅಂದುಕೊಂಡು ಕೇಳುವುದನ್ನೂ ಬಿಟ್ಟೆ.

ಹೋದ ವರ್ಷ ಮೊಮ್ಮಗಳಿಗೆ ಹಡಗಲಿ ಕಡೆಯ ಗಂಡು ಬಂತು. ಹುಡುಗ ಬಂದು ನೋಡಿ ಹೋಗಿದ್ದ. ನಾವು ಅವರ ಮನೆತನ ನೋಡಲು ಹೋದೆವು. ನಮ್ಮಲ್ಲಿ ಮಾತು ಮುಗಿಯುವ ತನಕ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಸಿಹಿ ಮುಟ್ಟುವುದಿಲ್ಲ. ಹಿರಿಯರು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರೆ ಒಪ್ಪಿದ ಹಾಗೆ. ಆಮೇಲೆ ಹಿಂದೆ ಸರಿದರೆ ಹುಡುಗಿಗೇ ಕೆಟ್ಟ ಹೆಸರು. ನಮ್ಮ ಮನೆಗೆ ಹಿರಿಯಳು ನಾನು. ಮಗ ಅಂತೂ ದಾರಿಯಲ್ಲೇ ಒಪ್ಪಿಬಿಟ್ಟಿದ್ದ.

ಗಂಡಸರು ಪಡಸಾಲೆಯಲ್ಲಿ ಕೂತರು. ನಾನು ಅಡುಗೆಮನೆ ನೋಡಲು ಒಳಗೆ ಹೋದೆ. ಮನೆ ಎಂಥದ್ದು ಎಂಬುದು ಗೊತ್ತಾಗುವುದು ಅಲ್ಲೇ. ಹುಡುಗನ ಅಜ್ಜಿ ಒಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಎಡಗೈಯಲ್ಲಿ.

"ನೀ ನಮ್ಮ ಸಾಲಿ ಎಡಚಿ ಅಲ್ಲೇನ?" ಅಂದೆ.

ನೋಡಿದಳು. ಕೈ ನಿಲ್ಲಲಿಲ್ಲ. "ಇನ್ನಾ ಸತ್ತಿಲ್ಲೇನಲೇ ನೀನು?"

"ನಿನ್ನ ಕೇಳಿ ಕೇಳಿ ಸಾಕಾತು. ಯಾರಿಗೂ ಗೊತ್ತಿಲ್ಲಂತಿದ್ರು."

"ಹೆಂಗ ಗೊತ್ತಿರತೈತಿ? ನಮ್ಮತ್ತಿದೂ ಅದ ಹೆಸರು. ಅತ್ತಿ ಹೆಸರಿಲೆ ಸೊಸಿನ್ನ ಕರೀತಾರೇನು? ಮದುವಿ ದಿನಾನ ಬದಲು ಮಾಡಿದ್ರು. ನಿನ್ನ ಹಲ್ಲು ಎಲ್ಲಿ ಹೋದವು?"

"ನಿನ್ನ ಕೂದಲು ಹೋದ ಕಡಿಗೇ."

ಇಬ್ಬರೂ ಅಳಲಿಲ್ಲ. ಅದಕ್ಕೆ ಹೊತ್ತೂ ಇರಲಿಲ್ಲ. ಬಂದ ಕೆಲಸ ಕೇಳಿದೆ: "ಬೀಗತಿ ಆಗೋದು ಆಮ್ಯಾಲೆ. ಹುಡುಗ ಹೆಂಗದಾನ, ಖರೇ ಹೇಳು."

ಅವಳು ರೊಟ್ಟಿ ಹಂಚಿಗೆ ಹಾಕಿ ಬಾಗಿಲ ಕಡೆ ನೋಡಿದಳು. ಹೊರಗೆ ಅವಳ ಸೊಸೆಯ ದನಿ ಕೇಳುತ್ತಿತ್ತು.

"ಚಲೋ ಹುಡುಗನ. ಮನಸು ಇಲ್ಲಿಲ್ಲ. ಹರಪನಹಳ್ಳ್ಯಾಗ ಒಬ್ಬಾಕಿ ಅದಾಳ. ನನ್ನ ಸೊಸಿ ಅನ್ನ ನೀರು ಬಿಟ್ಟು ಕುಂತು ಮಗನ್ನ ಇದಕ್ಕ ಒಪ್ಪಿಸ್ಯಾಳ. ಹೋಳಿಗಿ ಮುಟ್ಟಬ್ಯಾಡ." ರೊಟ್ಟಿ ಮಗುಚಿ ಹಾಕಿ ಅಂದಳು, "ನಾ ಹೇಳಿದ್ದು ಗೊತ್ತಾದ್ರ ಈ ಮನ್ಯಾಗ ನನಗ ತುತ್ತು ಇಳಿಯಂಗಿಲ್ಲ."

"ಸುಳ್ಳು ಹೇಳಾಕ ನನಗ ಬಾಯಿಲ್ಲೇನು?"

ಪಡಸಾಲೆಗೆ ಬಂದು ಕೂತೆ. ತಟ್ಟೆ ಬಂತು. ತುಪ್ಪ ಹಾಕಿದ ಹೋಳಿಗೆ. ಎಲ್ಲರೂ ನನ್ನ ಕೈ ನೋಡುತ್ತಿದ್ದರು.

"ನನಗ ಸಕ್ರಿ ಕಾಯಿಲಿ ಐತ್ರಿ" ಅಂದೆ. ಮಗ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಬೆಳಿಗ್ಗೆ ತಾನೇ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡಿದ್ದೆ.

"ಶಾಸ್ತ್ರಕ್ಕ ಒಂದು ಚೂರು ತಗೋರಿ" ಅಂದಳು ಹುಡುಗನ ತಾಯಿ.

"ಡಾಕ್ಟ್ರು ಚೂರೂ ಬ್ಯಾಡ ಅಂದಾರ್ರಿ. ಊರಿಗೆ ಹೋಗಿ ವಿಚಾರ ಮಾಡಿ ಹೇಳ್ತೀವ್ರಿ."

ನಾನು ಮುಟ್ಟದಿದ್ದ ಮೇಲೆ ಮಗನೂ ಮುಟ್ಟುವಂತಿರಲಿಲ್ಲ. ಗೆಳತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ.

ಮಗ ಕೊಟ್ಟೂರು ಬರುವ ತನಕ ಬೈದ. ಯಾರು ಹೇಳಿದರೆಂದು ನಾನು ಬಾಯಿಬಿಡಲಿಲ್ಲ. ಆಗುವುದಿಲ್ಲ ಎಂದು ಹೇಳಿ ಕಳಿಸಿದೆವು. ಅಂದಿನಿಂದ ಆ ಮನೆಯವರಿಗೂ ನಮಗೂ ಮಾತಿಲ್ಲ. ನಾನು ಅಲ್ಲಿಗೆ ಹೋಗುವ ಹಾಗಿಲ್ಲ, ಅವಳು ಇಲ್ಲಿಗೆ ಬರುವ ಹಾಗಿಲ್ಲ.

ಮೊನ್ನೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಮೊಮ್ಮಗಳ ಮದುವಿ ಎಲ್ಲೆರ ಆತೇನಲೇ?"

"ಹಗರಿಬೊಮ್ಮನಹಳ್ಳಿಗೆ ಕೊಟ್ವಿ."

"ಸಕ್ರಿ ಕಾಯಿಲಿ?"

"ಅವರ ಮನಿ ಹೋಳಿಗಿ ನೋಡಿದ ಕೂಡಲೇ ವಾಸಿ ಆತು. ನಿನ್ನ ಮೊಮ್ಮಗಂದು?"

"ಬಂದ ಬಂದ ಹೆಣ್ಣಿನವರಿಗೆ ನನ್ನ ಕಡಿಂದ ಇನ್ನಾ ಹೋಳಿಗಿ ಮಾಡಸಾಕ ಹತ್ಯಾರ."

ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

"ಯಾರದಿದು ಫೋನು?"

"ಬಾಜೂ ಮನಿಯಾಕಿದು. ಬಂದ್ಲು, ಇಡ್ತೀನಿ."

ಇಟ್ಟಳು. ಆ ನಂಬರಿಗೆ ನಾನು ಮಾಡುವಂತಿಲ್ಲ. ಅವಳೇ ಮಾಡಬೇಕು.